ಕತ್ತಿನ ಮೂಳೆ ಸರಿಮಾಡಿದರೆ ಫಿಟ್ಸ್ ನಿಲ್ಲುತ್ತಾ? ನಾನು ಹೋಗಿ ನೋಡಿದ್ದು

ನನಗೆ ಬರುವ ಫಿಟ್ಸ್ ಸಿನಿಮಾದಲ್ಲಿ ತೋರಿಸುವಂಥದ್ದಲ್ಲ. ಎಷ್ಟೋ ಸಲ ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ಮೊದಲು ಹೊಟ್ಟೆಯೊಳಗಿಂದ ಏನೋ ಎದ್ದು ಎದೆಗೆ ಬಂದ ಹಾಗಾಗುತ್ತದೆ. ಆಮೇಲೆ, ಈಗ ನಡೆಯುತ್ತಿರುವುದೆಲ್ಲ ಮುಂಚೆಯೇ ಒಂದು ಸಲ ನಡೆದಿದೆ ಅನ್ನಿಸುತ್ತದೆ. ಅಲ್ಲಿಂದ ಮುಂದಿನದು ನನಗೆ ಗೊತ್ತಿಲ್ಲ. ಒಂದೆರಡು ನಿಮಿಷ ತುಟಿ ಚಪ್ಪರಿಸುತ್ತೇನಂತೆ. ಬಟ್ಟೆಯ ಅಂಚನ್ನು ಬೆರಳಲ್ಲಿ ಹೊಸೆಯುತ್ತೇನಂತೆ. ಕರೆದರೆ ಓಗೊಡುವುದಿಲ್ಲವಂತೆ. ಇದೆಲ್ಲ ನಮ್ಮೆಜಮಾನರು ಹೇಳಿ ಗೊತ್ತು.

ಅಪರೂಪಕ್ಕೆ ಅದು ಅಲ್ಲಿಗೇ ನಿಲ್ಲದೆ ಇಡೀ ಮೈಗೆ ಹಬ್ಬುತ್ತದೆ. ಕೈಕಾಲು ಸೆಟೆದು ಅದುರುತ್ತವೆ. ಅಂಥದ್ದು ಬಂದುಹೋದ ಮೇಲೆ ಮೈಯೆಲ್ಲ ನೋವು, ಅದರಲ್ಲೂ ಕತ್ತು. ತಲೆಯ ಬುಡದಿಂದ ಭುಜದವರೆಗೆ ಹಿಡಿದುಕೊಂಡುಬಿಡುತ್ತದೆ. ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು.

ನಾನು ಕೈರೋಪ್ರಾಕ್ಟರ್ ಹತ್ತಿರ ಹೋದದ್ದು ಈ ಕತ್ತಿನ ದೆಸೆಯಿಂದ. ಬೆನ್ನು, ಕತ್ತಿನ ಮೂಳೆಗಳನ್ನು ಕೈಯಿಂದ ಒತ್ತಿ, ತಿರುಗಿಸಿ ಸರಿಮಾಡುತ್ತೇವೆ ಅನ್ನುವವರು ಅವರು. ಆದರೆ ಹೋಗುವ ಹೊತ್ತಿಗೆ ಕತ್ತಿನ ಜೊತೆ ಫಿಟ್ಸ್ ಕೂಡ ಸೇರಿಕೊಂಡಿತ್ತು. ಸೇರಿಸಿದವಳು ನಮ್ಮಕ್ಕ. ಅವಳು ಎಲ್ಲೋ ಒಂದು ವಿಡಿಯೋ ನೋಡಿದ್ದಳು. ಕತ್ತಿನ ಮೊಟ್ಟಮೊದಲ ಮೂಳೆಯನ್ನು ಸರಿಮಾಡಿದ ಮೇಲೆ ಯಾರಿಗೋ ಫಿಟ್ಸ್ ನಿಂತೇಹೋಯಿತು ಅಂತ ಅದರಲ್ಲಿತ್ತು.

"ನಿಂಗೆ ಕತ್ತು ನೋವೂ ಇದೆ, ಫಿಟ್ಸೂ ಇದೆ. ಎರಡಕ್ಕೂ ಬೇರು ಒಂದೇ ಇರಬಹುದಲ್ವೇನೇ?" ಅಂದಳು.

ಕೇಳಿದ ತಕ್ಷಣ ತಳ್ಳಿಹಾಕುವ ಮಾತಲ್ಲ ಅದು. ಎರಡು ಮಾತ್ರೆ ತೆಗೆದುಕೊಂಡೂ ಫಿಟ್ಸ್ ಪೂರ್ತಿ ನಿಲ್ಲದೇ ಇದ್ದವರಿಗೆ ಇದು ಹೇಗೆ ಕೇಳಿಸುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಆಗ ನಾನು ಕಾರ್ಬಮಜೆಪಿನ್ ಜೊತೆಗೆ ಲೆವೆಟಿರಾಸಿಟಾಮ್ ತೆಗೆದುಕೊಳ್ಳುತ್ತಿದ್ದೆ. ಎರಡನೆಯದು ಶುರುವಾದ ಮೇಲೆ ಸಣ್ಣಸಣ್ಣದಕ್ಕೂ ಸಿಡುಕುತ್ತಿದ್ದೆ. ಅದು ಆ ಮಾತ್ರೆಯ ಎಲ್ಲರಿಗೂ ಗೊತ್ತಿರುವ ಅಡ್ಡಪರಿಣಾಮ. ಮೈಯನ್ನು ಬರೀ ಕೈಯಿಂದ ಸರಿಮಾಡುತ್ತಾರೆ ಅಂದರೆ ಆಸೆಯಾಗದೇ ಇರುತ್ತದೆಯೇ?

ಹೋಗುವ ಮುಂಚೆ ನನ್ನ ಫಿಟ್ಸ್ ನೋಡುವ ನರರೋಗದ ಡಾಕ್ಟರ್, ನ್ಯೂರಾಲಜಿಸ್ಟ್ ಮೇಡಂಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ.

"ಬೇಡ ಅಂದ್ರೂ ಹೋಗೋರು ಹೋಗ್ತಾರೆ. ನನಗೆ ಹೇಳದೆ ಹೋಗ್ತಾರೆ ಅಷ್ಟೇ. ಹೇಳಿ ಹೋಗೋದು ವಾಸಿ," ಅಂದರು. ಆಮೇಲೆ ಮೂರು ಷರತ್ತು ಹಾಕಿದರು.

ಮಾತ್ರೆ ಒಂದೂ ತಪ್ಪಿಸಬಾರದು, ಯಾರು ಹೇಳಿದರೂ ಕಡಿಮೆ ಮಾಡಬಾರದು. ಫಿಟ್ಸ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು, ನಿಲ್ಲದೇ ಹೋಗಿ, ಜೀವಕ್ಕೇ ಅಪಾಯವಾಗಬಹುದು. ಇದು ಒಂದನೆಯದು. ಎರಡನೆಯದು, ಬಂದ ಪ್ರತಿ ಫಿಟ್ಸನ್ನೂ ಡೈರಿಯಲ್ಲಿ ಬರೆಯಬೇಕು. ಯಾವ ಹೊತ್ತು, ಎಷ್ಟು ನಿಮಿಷ, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ಮಾತ್ರೆ ತಡವಾಗಿತ್ತಾ, ಜ್ವರ ಇತ್ತಾ, ಎಲ್ಲಾ. ಮೂರನೆಯದನ್ನು ಹೇಳುವಾಗ ಅವರ ದನಿ ಬಿಗಿಯಾಯಿತು. ಕತ್ತನ್ನು ಲಟಕ್ ಅಂತ ತಿರುಗಿಸೋಕೆ ಬಿಡಲೇಬಾರದು.

ಯಾಕೆ ಅಂತ ಕೇಳಿದೆ. ಹಾಳೆಯ ಮೇಲೆ ಬರೆದು ತೋರಿಸಿದರು. ಕತ್ತಿನಲ್ಲಿ 7 ಮೂಳೆಗಳಿವೆ. ಮೇಲಿನದಕ್ಕೆ ಅಟ್ಲಾಸ್ ಅಂತ ಹೆಸರು, ಅದರ ಕೆಳಗಿನದು ಆಕ್ಸಿಸ್. ತಲೆ ಎಡಕ್ಕೆ ಬಲಕ್ಕೆ ತಿರುಗುವುದರಲ್ಲಿ ಸುಮಾರು ಅರ್ಧ ಕೆಲಸ ಈ ಎರಡರ ನಡುವೆಯೇ ನಡೆಯುತ್ತದೆ. ಎರಡೂ ಪಕ್ಕದಲ್ಲಿ ಒಂದೊಂದು ರಕ್ತನಾಳ ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುತ್ತದೆ. ವರ್ಟಿಬ್ರಲ್ ಆರ್ಟರಿ ಅಂತಾರೆ. ಅದು ಈ ಮೂಳೆಗಳ ಪಕ್ಕದ ತೂತುಗಳ ಒಳಗೇ ಹತ್ತಿಕೊಂಡು ಹೋಗಿ, ಅಟ್ಲಾಸ್ ಮೇಲೆ ತಿರುವು ತೆಗೆದುಕೊಂಡು ತಲೆಬುರುಡೆಯೊಳಗೆ ಹೋಗುತ್ತದೆ. ಕತ್ತನ್ನು ಜೋರಾಗಿ ತಿರುಚಿದರೆ ಆ ನಾಳದ ಒಳಪದರ ಸೀಳಬಹುದು. ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಸ್ಟ್ರೋಕ್.

ಜೊತೆಗೆ ನನ್ನದೇ ಆದ ಇನ್ನೊಂದು ಕಾರಣವೂ ಇತ್ತು. ಕಾರ್ಬಮಜೆಪಿನ್‌ನಂಥ ಮಾತ್ರೆಗಳನ್ನು ವರ್ಷಗಟ್ಟಲೆ ತಿಂದರೆ ಮೈಯಲ್ಲಿ ವಿಟಮಿನ್ ಡಿ ಕಡಿಮೆಯಾಗುತ್ತದೆ, ಮೂಳೆ ತೆಳುವಾಗುತ್ತದೆ. ಫಿಟ್ಸ್ ಇರುವವರ ಮೂಳೆಯನ್ನು ಒತ್ತುವ ಮುಂಚೆ ಇದನ್ನು ಯೋಚಿಸಬೇಕು. ನಾನು ಆಮೇಲೆ ನೋಡಿದ ಯಾವ ಕೈರೋಪ್ರಾಕ್ಟಿಕ್ ಫಾರಂನಲ್ಲೂ ಈ ಪ್ರಶ್ನೆ ಇರಲಿಲ್ಲ.

ಸ್ಟ್ರೋಕ್ ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಮನೆಗೆ ಬಂದು ಓದಿದೆ. 2014ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದರ ಬಗ್ಗೆ ಒಂದು ಹೇಳಿಕೆ ಕೊಟ್ಟಿದೆ. ಕತ್ತಿನ ಈ ಚಿಕಿತ್ಸೆಗೂ ರಕ್ತನಾಳ ಸೀಳುವುದಕ್ಕೂ ನಂಟು ಕಂಡಿದೆ, ಚಿಕಿತ್ಸೆಗೆ ಮುಂಚೆ ಅದನ್ನು ರೋಗಿಗೆ ತಿಳಿಸಬೇಕು ಅನ್ನುತ್ತದೆ. ಇದರಿಂದಲೇ ಅದು ಆಗುತ್ತದೆ ಅಂತ ಖಡಾಖಂಡಿತವಾಗಿ ಹೇಳುವುದಿಲ್ಲ. ಕೈರೋಪ್ರಾಕ್ಟರುಗಳು ತೋರಿಸುವುದು 2008ರ ಕೆನಡಾದ ಅಧ್ಯಯನವನ್ನು. ಸ್ಟ್ರೋಕ್ ಆದವರಲ್ಲಿ ಕೈರೋಪ್ರಾಕ್ಟರ್ ಹತ್ತಿರ ಹೋಗಿದ್ದವರು ಜಾಸ್ತಿ ಕಂಡರು ನಿಜ, ಆದರೆ ಮಾಮೂಲಿ ಡಾಕ್ಟರ್ ಹತ್ತಿರ ಹೋಗಿದ್ದವರೂ ಹಾಗೇ ಜಾಸ್ತಿ ಕಂಡರು. ಅಂದರೆ ನಾಳ ಮೊದಲೇ ಸೀಳಿರಬಹುದು. ಆ ನೋವಿಗೆ ಮದ್ದು ಹುಡುಕಿಕೊಂಡೇ ಜನ ಹೋಗಿರಬಹುದು. ಈ ವಾದದಲ್ಲಿ ಹುರುಳಿದೆ. ಆದರೆ ನನ್ನ ಸಂಶಯ ಬೇರೆ. ಮೊದಲೇ ಸೀಳಿರುವ ನಾಳ ಇರುವ ಕತ್ತನ್ನು ತಿರುಚಿದರೆ ಇನ್ನೂ ಕೆಡುವುದಿಲ್ಲವೇ? ಮುಟ್ಟಿ ನೋಡಿದರೆ ಅದು ಸೀಳಿದೆ ಅಂತ ಗೊತ್ತಾಗುವುದೂ ಇಲ್ಲವಲ್ಲ.

ಸರಿ, ಹೋದೆ. ಕೈರೋಪ್ರಾಕ್ಟರ್ ಒಳ್ಳೆಯ ಮಾತುಗಾರರು. ಅದಕ್ಕಿಂತ ಒಳ್ಳೆಯ ಕೇಳುಗರು. ಮೊದಲ ದಿನ ಇಷ್ಟುದ್ದದ ಫಾರಂ ತುಂಬಿಸಿ, ಎದುರು ಕೂತು ಒಂದೊಂದನ್ನೂ ಕೇಳಿದರು. ಆಸ್ಪತ್ರೆಯಲ್ಲಿ ನನಗೆ ಅಷ್ಟು ಹೊತ್ತು ಯಾರೂ ಕೊಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಬಿದ್ದಿದ್ದೀರಾ? ಅಮ್ಮನಿಗೆ ಹೆರಿಗೆ ಕಷ್ಟವಾಗಿತ್ತಾ? ಗಾಡಿಗೆ ಯಾರಾದರೂ ಗುದ್ದಿದ್ದರಾ? ನಾನು ಸೈಕಲ್ಲಿನಿಂದ ಬಿದ್ದದ್ದು ಹೇಳಿದೆ. ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದರು. ಮಗುವಾಗಿದ್ದಾಗ ಜ್ವರ ಏರಿ ತುಂಬ ಹೊತ್ತು ಫಿಟ್ಸ್ ಬಂದಿತ್ತಂತೆ ಅಂತಲೂ ಹೇಳಿದೆ. ಅದನ್ನೂ ಬರೆದುಕೊಂಡರು, ಗೆರೆ ಎಳೆಯಲಿಲ್ಲ.

ನ್ಯೂರಾಲಜಿಸ್ಟ್ ಮಾಡಿದ್ದು ಇದರ ತಿರುಗುಮುರುಗು. ಅವರಿಗೆ ಸೈಕಲ್ ಬೇಕಾಗಿರಲಿಲ್ಲ. ಜ್ವರದ ಫಿಟ್ಸ್ ಎಷ್ಟು ಹೊತ್ತಿತ್ತು ಅಂತ ಅಮ್ಮನನ್ನೇ ಕೇಳಿದ್ದರು. ಸೈಕಲ್ಲಿನಿಂದ ಬೀಳದೆ ದೊಡ್ಡವರಾದವರು ಎಷ್ಟು ಜನ ಸಿಗುತ್ತಾರೆ ಹೇಳಿ. ಎಲ್ಲರ ಬಾಲ್ಯದಲ್ಲೂ ಸಿಗುವ ಪೆಟ್ಟೊಂದನ್ನು ಹುಡುಕಿ ತೆಗೆದರೆ ಅದು ಕಾರಣ ಹೇಗಾಗುತ್ತದೆ ಅಂತ ನನಗೆ ಅಲ್ಲೇ ಅನ್ನಿಸಿತ್ತು. ಸುಮ್ಮನಿದ್ದೆ.

ಆಮೇಲೆ ಬೋರಲು ಮಲಗಿಸಿದರು. ಎರಡೂ ಹಿಮ್ಮಡಿ ಹಿಡಿದು ಕಾಲು ಉದ್ದ ನೋಡಿದರು. ಒಂದು ಕಾಲು ಗಿಡ್ಡ ಅಂದರು. ನಿಜವಾಗಿ ಗಿಡ್ಡ ಅಲ್ಲ, ಕತ್ತಿನ ಮೂಳೆ ಜರುಗಿರುವುದರಿಂದ ಮೈಯ ಒಂದು ಪಕ್ಕ ಎಳೆದುಕೊಂಡಿದೆ ಅಂತ ವಿವರಣೆ. ಎರಡು ಮೊನೆಯ ಒಂದು ಉಪಕರಣವನ್ನು ಕತ್ತಿನ ಮೇಲೆ ಕೆಳಗಿನಿಂದ ಮೇಲಕ್ಕೆ ಎಳೆದರು. ಎರಡೂ ಪಕ್ಕದ ಚರ್ಮದ ಬಿಸಿಯಲ್ಲಿ ವ್ಯತ್ಯಾಸ ಇದೆಯಾ ಅಂತ ನೋಡೋದಂತೆ. ಕೊನೆಗೆ ಎಕ್ಸ್‌ರೇ. ಮುಂದಿನಿಂದ, ಪಕ್ಕದಿಂದ, ಇನ್ನೊಂದು ಬಾಯಿ ಅಗಲ ತೆರೆಸಿ. ಮೊದಲೆರಡು ಮೂಳೆ ಎದುರಿನಿಂದ ಕಾಣಬೇಕಾದರೆ ಬಾಯಿ ತೆರೆಯಲೇಬೇಕು, ಇಲ್ಲದಿದ್ದರೆ ಹಲ್ಲು ದವಡೆ ಅಡ್ಡ ಬರುತ್ತವೆ.

ಆ ಎಕ್ಸ್‌ರೇ ಮೇಲೆ ಕೆಂಪು ಗೆರೆಗಳನ್ನು ಎಳೆದು ತೋರಿಸಿದಾಗ ಮಾತ್ರ ಒಂದು ಕ್ಷಣ ನಂಬಿಬಿಟ್ಟೆ. ಅಟ್ಲಾಸ್ ಒಂಚೂರು ಬಲಕ್ಕೆ ವಾಲಿರುವುದು ಕಣ್ಣಿಗೇ ಕಾಣುತ್ತಿತ್ತು. ಗೆರೆ ಅಂದರೆ ಗೆರೆಯೇ, ಅದರಲ್ಲಿ ಏನು ಸುಳ್ಳು? ಆಮೇಲೆ ಮೇಡಂ ಹೇಳಿದರು, ಚಿತ್ರ ತೆಗೆಯುವಾಗ ತಲೆ ಒಂದಿಷ್ಟು ತಿರುಗಿದ್ದರೂ ಆ ಜಾಗ ಹಾಗೆ ಕಾಣುತ್ತದೆ. ಏನೂ ತೊಂದರೆ ಇಲ್ಲದವರಲ್ಲೂ ಸಣ್ಣಪುಟ್ಟ ಓರೆಕೋರೆ ಮಾಮೂಲು. ನನಗಂತೂ ಎಕ್ಸ್‌ರೇ ತೆಗೆದ ದಿನ ಕತ್ತು ಹಿಡಿದುಕೊಂಡಿತ್ತು. ನೆಟ್ಟಗೆ ನಿಲ್ಲೋಕೇ ಆಗುತ್ತಿರಲಿಲ್ಲ.

ಅವರ ಸಿದ್ಧಾಂತ ಹೀಗಿತ್ತು. ಅಟ್ಲಾಸ್ ಜರುಗಿದಾಗ ಮಿದುಳಿನ ಬುಡದ ಮೇಲೆ ಒತ್ತಡ ಬೀಳುತ್ತದೆ. ನರಗಳಲ್ಲಿ ಹರಿಯಬೇಕಾದ್ದು ಸರಿಯಾಗಿ ಹರಿಯುವುದಿಲ್ಲ. ಮಿದುಳು ಕೆರಳುತ್ತದೆ, ಫಿಟ್ಸ್ ಬರುತ್ತದೆ. ನನಗೆ ಮುಂಚೆಯೇ ಇಇಜಿ, ಅಂದರೆ ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ತನ್ನು ದಾಖಲಿಸುವ ಪರೀಕ್ಷೆ, ಮಾಡಿದ್ದರು. ನಾನು ಕೇಳಿದೆ, "ನನಗೆ ಇಇಜಿಯಲ್ಲಿ ಎಡಗಡೆ ಕಿವಿಯ ಮೇಲಿನ ಭಾಗದಲ್ಲಿ ಶುರುವಾಗುತ್ತೆ ಅಂತ ಬಂದಿದೆ. ಬುಡದಲ್ಲಿ ಒತ್ತಿದರೆ ಅಲ್ಲಿ ಯಾಕೆ ಶುರುವಾಗಬೇಕು?"

"ದೇಹ ಒಂದೇ ಅಲ್ವಾ ಮೇಡಂ, ಎಲ್ಲಾ ಒಂದಕ್ಕೊಂದು ಸೇರಿಕೊಂಡಿದೆ," ಅಂದರು.

ಸೇರಿಕೊಂಡಿದೆ ನಿಜ. ಆದರೆ ಕತ್ತಿನ ಮೇಲ್ಭಾಗದಲ್ಲಿ ಮೂಳೆ ನಿಜವಾಗಿ ಒತ್ತಿದರೆ ಏನಾಗುತ್ತದೆ ಅನ್ನುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಕೈಗಳಲ್ಲಿ ಹಿಡಿತ ತಪ್ಪುತ್ತದೆ, ನಡಿಗೆ ತಡಬಡಾಯಿಸುತ್ತದೆ, ಕೈಕಾಲು ಜೋಮು ಹಿಡಿಯುತ್ತವೆ, ಬಲ ಕುಂದುತ್ತದೆ. ಮೊದಲೇ ನಡೆದಿದೆ ಅನ್ನಿಸುವುದು, ತುಟಿ ಚಪ್ಪರಿಸುವುದು ಆ ಪಟ್ಟಿಯಲ್ಲಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಪೂರ್ತಿ ಓದಿದೆ. ಸ್ಟ್ರೋಕ್ ಅನ್ನುವ ಪದ ಅದರಲ್ಲಿತ್ತು, ಸಣ್ಣ ಅಕ್ಷರದಲ್ಲಿ. ಕತ್ತು ತಿರುಗಿಸುವುದು ಬೇಡ ಅಂತ ನಾನೇ ಅದರ ಮೇಲೆ ಬರೆದು ಸಹಿ ಹಾಕಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ತಿರುಗಿಸದೆ, ಹಗುರಾಗಿ ಒತ್ತಿ ಮಾಡುವ ವಿಧಾನವೂ ಇದೆ ಅಂದರು.

ಆ ವಿಧಾನ ಹೇಗಿತ್ತು ಅಂದರೆ, ಏನೂ ಮಾಡಿದ ಹಾಗೇ ಇರಲಿಲ್ಲ. ಒಂದು ಮಗ್ಗುಲಾಗಿ ಮಲಗಬೇಕು. ಕಿವಿಯ ಕೆಳಗೆ, ದವಡೆಯ ಹಿಂದೆ, ಅಂಗೈಯ ಬದಿಯಿಂದ ಮೆತ್ತಗೆ ಒತ್ತುತ್ತಾರೆ. ಅಷ್ಟೇ. ಆಮೇಲೆ ಕತ್ತಲು ಮಾಡಿದ ಕೋಣೆಯಲ್ಲಿ ಹಾಗೇ ಮಲಗಿರಬೇಕು. ಎದ್ದ ಮೇಲೆ ಮತ್ತೆ ಕಾಲು ನೋಡುತ್ತಾರೆ, ಈಗ ಎರಡೂ ಸಮ ಇರುತ್ತವೆ. ಪ್ರತಿ ಸಲವೂ ಸಮ. ಬೆನ್ನಿನ ಮೇಲ್ಭಾಗವನ್ನು ಮಾತ್ರ ಒಂದೆರಡು ಸಲ ಒತ್ತಿ ಲಟ್ ಅನ್ನಿಸಿದರು. ಅದು ಮೂಳೆ ಜಾಗಕ್ಕೆ ಕೂತ ಸದ್ದು ಅಂತ ನಾನು ಅಂದುಕೊಂಡಿದ್ದೆ. ಅಲ್ಲವಂತೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳ ನೆಟಿಕೆ ತೆಗೆಯುವುದನ್ನು ಎಂಆರ್‌ಐ ಒಳಗೇ ನೋಡಿದ್ದಾರೆ. ಕೀಲಿನ ಎರಡು ಬದಿ ಥಟ್ಟನೆ ಬೇರೆಯಾದಾಗ ನಡುವಿನ ದ್ರವದಲ್ಲಿ ಗಾಳಿಯ ಪೊಳ್ಳೊಂದು ಹುಟ್ಟುತ್ತದೆ, ಸದ್ದು ಬರುವುದು ಆ ಕ್ಷಣಕ್ಕೆ.

ಸುಳ್ಳು ಹೇಳಬಾರದು, ಹಾಯಾಗಿತ್ತು. ಕತ್ತು ಸಡಿಲವಾಯಿತು. ಆ ರಾತ್ರಿಗಳಲ್ಲಿ ಒಳ್ಳೆಯ ನಿದ್ದೆ ಬಂತು. ಇನ್ನೂ ದೊಡ್ಡ ವಿಷಯ, ಶುರುವಿನ ವಾರಗಳಲ್ಲಿ ಫಿಟ್ಸ್ ಕಡಿಮೆಯಾಯಿತು. ಡೈರಿಯಲ್ಲಿ ಖಾಲಿ ಪುಟಗಳು ಬಂದವು. ಅಕ್ಕ ಫೋನಿನಲ್ಲಿ "ನಾನ್ ಹೇಳ್ಲಿಲ್ವಾ?" ಅಂದಳು. ನಮ್ಮೆಜಮಾನರು ಏನೂ ಹೇಳಲಿಲ್ಲ. ಅವರದು ಮೊದಲಿನಿಂದಲೂ ಹಾಗೇ. ಡೈರಿಯ ಹಳೇ ಪುಟಗಳನ್ನು ತಿರುವುತ್ತಾ ಕೂತರು.

ಅವರು ತೋರಿಸಿದ್ದು ಇಷ್ಟು. ನಾನು ಕೈರೋಪ್ರಾಕ್ಟರ್ ಹತ್ತಿರ ಹೋಗುವ ಸ್ವಲ್ಪ ಮುಂಚೆಯೇ ಲೆವೆಟಿರಾಸಿಟಾಮ್ ಡೋಸ್ ಏರಿಸಿದ್ದರು. ಎರಡೂ ಒಂದೇ ಹೊತ್ತಿಗೆ ಶುರುವಾಗಿವೆ, ಯಾವುದರಿಂದ ಏನು ಅಂತ ಹೇಗೆ ಹೇಳುವುದು? ಮತ್ತೊಂದು, ನಾನು ಹೋದದ್ದೇ ತೀರಾ ಕೆಟ್ಟ ತಿಂಗಳೊಂದು ಕಳೆದ ಮೇಲೆ. ಫಿಟ್ಸ್ ಇರುವವರಿಗೆ ಇದು ಗೊತ್ತು, ಅದು ಸಮವಾಗಿ ಬರುವುದಿಲ್ಲ. ಒಮ್ಮೊಮ್ಮೆ ಗುಂಪಾಗಿ ಬರುತ್ತದೆ, ಆಮೇಲೆ ತಾನೇ ತೆಪ್ಪಗಾಗುತ್ತದೆ. ಹೊಸ ಚಿಕಿತ್ಸೆ ಹುಡುಕಿಕೊಂಡು ನಾವು ಹೊರಡುವುದು ಗುಂಪಾಗಿ ಬಂದಾಗಲೇ ತಾನೆ? ಆಮೇಲೆ ಏನು ಮಾಡಿದರೂ, ಏನೂ ಮಾಡದೇ ಇದ್ದರೂ, ಒಂದಿಷ್ಟು ಇಳಿಯುವುದು ಇದ್ದೇ ಇದೆ. ಹಿಂದಿನ ವರ್ಷವೂ ಇಂಥದ್ದೇ ಖಾಲಿ ಪುಟಗಳಿದ್ದವು. ಆಗ ಯಾರೂ ನನ್ನ ಕತ್ತು ಮುಟ್ಟಿರಲಿಲ್ಲ.

ಹಾಗಂತ ತಕ್ಷಣ ನಿಲ್ಲಿಸಲಿಲ್ಲ. ಕತ್ತಿಗೆ ಹಿತವಾಗಿತ್ತು, ಮಾತ್ರೆ ನಡೆದೇ ಇತ್ತು. ಜೊತೆಗೆ ಓದುವುದನ್ನೂ ಹಚ್ಚಿಕೊಂಡೆ. ಕೈರೋಪ್ರಾಕ್ಟಿಕ್ ಶುರುವಾದದ್ದು 1895ರಲ್ಲಿ, ಅಮೆರಿಕದ ಐಯೋವಾ ರಾಜ್ಯದ ಡೇವನ್‌ಪೋರ್ಟ್ ಊರಲ್ಲಿ. ಡಿ.ಡಿ. ಪಾಮರ್ ಅನ್ನುವವರು ಹಾರ್ವಿ ಲಿಲ್ಲಾರ್ಡ್ ಎಂಬ ಕಿವಿ ಕೇಳದ ಕೆಲಸಗಾರನ ಬೆನ್ನುಮೂಳೆ ಒತ್ತಿದರು, ಅವನಿಗೆ ಕಿವಿ ಕೇಳಿಸಿತು ಅನ್ನುವುದು ಹುಟ್ಟಿನ ಕಥೆ. ಜರುಗಿದ ಮೂಳೆ ನರವನ್ನು ಹಿಡಿದು ರೋಗ ತರುತ್ತದೆ, 100ರಲ್ಲಿ 95 ರೋಗಕ್ಕೆ ಅದೇ ಕಾರಣ ಅಂತ ಪಾಮರ್ ಹೇಳಿದ್ದರು. ಅವರ ಮಗ ಬಿ.ಜೆ. ಪಾಮರ್ 1930ರ ದಶಕದಲ್ಲಿ ಇದನ್ನು ಇನ್ನೂ ಕಿರಿದು ಮಾಡಿದರು. ಕತ್ತಿನ ಮೇಲಿನ ಎರಡು ಮೂಳೆ ಸರಿಮಾಡಿದರೆ ಸಾಕು ಅಂದರು. ನನ್ನ ಕಿವಿಯ ಕೆಳಗೆ ಒತ್ತಿದ ಕೈಗೆ ಈ ವಂಶಾವಳಿ ಇದೆ. ಮೂಳೆ ಜರುಗುವ ಈ ಸಿದ್ಧಾಂತದ ಬಗ್ಗೆ ಬ್ರಿಟನ್ನಿನ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್ 2010ರಲ್ಲಿ ಏನು ಹೇಳಿತು ಗೊತ್ತಾ? ಇದು ಹಳೆಯ ಕಾಲದ ಕಲ್ಪನೆ, ರೋಗಕ್ಕೆ ಇದು ಕಾರಣ ಅನ್ನುವುದಕ್ಕೆ ಸಂಶೋಧನೆಯ ಆಧಾರ ಇಲ್ಲ ಅಂತ. ಇದು ಎದುರಾಳಿಗಳ ಮಾತಲ್ಲ. ಕೈರೋಪ್ರಾಕ್ಟರುಗಳನ್ನು ನೋಂದಾಯಿಸಿಕೊಳ್ಳುವ ಸಂಸ್ಥೆಯ ಮಾತು.

ಫಿಟ್ಸ್ ವಿಷಯಕ್ಕೆ ಸಿಕ್ಕಿದ್ದೆಲ್ಲ ಒಬ್ಬಿಬ್ಬರ ಕಥೆಗಳು. ಒಂದು ಮಗು, ಒಬ್ಬ ಯುವತಿ, ಕೆಲವು ರೋಗಿಗಳ ಪಟ್ಟಿ. ಹೆಚ್ಚಿನವರು ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು. ಚಿಕಿತ್ಸೆ ಕೊಟ್ಟ ಗುಂಪು, ಕೊಟ್ಟ ಹಾಗೆ ನಟಿಸಿದ ಗುಂಪು ಅಂತ ಚೀಟಿ ಎತ್ತಿ ಬೇರೆ ಮಾಡಿ ಹೋಲಿಸಿದ್ದು ನನಗೆ ಸಿಗಲಿಲ್ಲ. ಹೋಲಿಕೆ ಯಾಕೆ ಬೇಕು ಅಂದರೆ, ಹೊಸ ಫಿಟ್ಸ್ ಮಾತ್ರೆಗಳ ಪರೀಕ್ಷೆಯಲ್ಲಿ ಬರೀ ಹಿಟ್ಟಿನ ಗುಳಿಗೆ ತಿಂದವರಲ್ಲೂ ಕೆಲವರಿಗೆ ಫಿಟ್ಸ್ ಅರ್ಧಕ್ಕರ್ಧ ಇಳಿಯುತ್ತದೆ.

ಮೇಡಂ ಇನ್ನೊಂದು ಸಂಗತಿ ಹೇಳಿದರು. ಫಿಟ್ಸ್ ಹಾಗೇ ಕಂಡರೂ ಮಿದುಳಿನ ವಿದ್ಯುತ್ತಿಗೆ ಸಂಬಂಧವೇ ಇಲ್ಲದ ಒಂದು ಬಗೆ ಇದೆ. ಅದು ನಾಟಕ ಅಲ್ಲ, ಬರುವವರ ಹತೋಟಿಯಲ್ಲೂ ಇರುವುದಿಲ್ಲ. ಎಪಿಲೆಪ್ಸಿ, ಅಂದರೆ ಮೂರ್ಛೆರೋಗದ, ದೊಡ್ಡ ಕೇಂದ್ರಗಳಿಗೆ ಬರುವವರಲ್ಲಿ ಇಂಥವರು ಸುಮಾರು 100ರಲ್ಲಿ 20ರಿಂದ 30 ಜನ. ವಿಡಿಯೋ ಜೊತೆ ಇಇಜಿ ಮಾಡದೆ ಇದನ್ನು ಬೇರ್ಪಡಿಸಿ ಹೇಳುವುದು ಕಷ್ಟ. ಮಾತ್ರೆಗೆ ಬಗ್ಗದ ಫಿಟ್ಸ್ ಯಾವುದೋ ಕೈಚಿಕಿತ್ಸೆಗೆ ನಿಂತಿತು ಅಂತ ಕೇಳಿದಾಗ ಅವರು ಮೊದಲು ಕೇಳುವ ಪ್ರಶ್ನೆ, ಅದು ಎಪಿಲೆಪ್ಸಿಯೇ ಆಗಿತ್ತಾ ಅಂತ.

ಕತ್ತಿಗೂ ಫಿಟ್ಸ್‌ಗೂ ನಿಜವಾದ ನಂಟು ಒಂದಿದೆ. ಕೈರೋಪ್ರಾಕ್ಟರ್ ಕೂಡ ಅದನ್ನೇ ಎತ್ತಿದ್ದರು. ಕತ್ತಿನಲ್ಲಿ ವೇಗಸ್ ಅನ್ನುವ ನರ ಹೋಗುತ್ತದೆ. ಎದೆಯ ಚರ್ಮದ ಕೆಳಗೆ ಸಣ್ಣ ಯಂತ್ರ ಇಟ್ಟು, ಎಡಗಡೆಯ ಆ ನರಕ್ಕೆ ತಂತಿ ಸುತ್ತಿ, ಆಗಾಗ ವಿದ್ಯುತ್ ಕೊಡುವ ಚಿಕಿತ್ಸೆಗೆ ಅಮೆರಿಕದಲ್ಲಿ 1997ರಲ್ಲೇ ಒಪ್ಪಿಗೆ ಸಿಕ್ಕಿದೆ. ಫಿಟ್ಸ್ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದು ಅಪರೂಪ. ಆದರೆ ಅದು ಹಗಲೂ ರಾತ್ರಿ ನಿಮಿಷಗಳ ಅಂತರದಲ್ಲಿ ನಡೆಯುತ್ತಲೇ ಇರುವ ವಿದ್ಯುತ್. ವಾರಕ್ಕೆರಡು ಸಲ ಅಂಗೈಯಲ್ಲಿ ಒತ್ತಿದ್ದನ್ನು ಅದರ ಪಕ್ಕ ಇಡೋಕಾಗಲ್ಲ.

ನಾನು ಹೋಗುವುದನ್ನು ಬಿಟ್ಟದ್ದು ಓದಿದ್ದರಿಂದಲ್ಲ, ಅಲ್ಲೇ ನಡೆದ ಒಂದು ಸಂಗತಿಯಿಂದ. ಒಂದು ಸಲ ಒತ್ತಿಸಿಕೊಂಡು ಕತ್ತಲ ಕೋಣೆಯಲ್ಲಿ ಮಲಗಿದ್ದಾಗ ಫಿಟ್ಸ್ ಬಂತು. ಸಣ್ಣದೇ. ಅಲ್ಲಿದ್ದ ಸಹಾಯಕ ಹುಡುಗ ಗಾಬರಿಯಾಗಿ ಭುಜ ಅದುಮಿ ಹಿಡಿದು, ಬಾಯಿಗೆ ಬಟ್ಟೆ ತುರುಕೋಕೆ ಹೋದನಂತೆ. ನಮ್ಮೆಜಮಾನರು ಓಡಿಬಂದು ಬಿಡಿಸಿದರು. ಬಾಯಿಗೆ ಏನೂ ಹಾಕಬಾರದು, ಅದುಮಿ ಹಿಡಿಯಬಾರದು, ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಬೇಕು, ಅದುರುವುದು 5 ನಿಮಿಷ ದಾಟಿದರೆ ಆಂಬ್ಯುಲೆನ್ಸ್ ಕರೆಯಬೇಕು. ಫಿಟ್ಸ್ ವಾಸಿ ಮಾಡುತ್ತೇವೆ ಅನ್ನುವ ಜಾಗದಲ್ಲಿ ಇಷ್ಟಾದರೂ ಗೊತ್ತಿರಬೇಕಲ್ವಾ? ನನಗೆ ಎಚ್ಚರವಾದ ಮೇಲೆ ಕೈರೋಪ್ರಾಕ್ಟರ್ ಬಂದು ನಗುತ್ತಾ ಹೇಳಿದರು, "ಒಳ್ಳೇ ಸೂಚನೆ. ದೇಹ ಒಳಗಿದ್ದದ್ದನ್ನ ಹೊರಗೆ ಹಾಕ್ತಿದೆ."

ಅದಾಗಿ ಕೆಲವು ದಿನಕ್ಕೆ, ನಿದ್ದೆಗೆಟ್ಟ ಒಂದು ರಾತ್ರಿಯ ಬೆಳಗಿನ ಜಾವ ಮನೆಯಲ್ಲಿ ದೊಡ್ಡ ಫಿಟ್ಸ್ ಬಂತು. ಕತ್ತು ಮತ್ತೆ ಹಿಡಿದುಕೊಂಡಿತು. ಹೋಗಿ ಹೇಳಿದೆ. ಕಾಲು ಅಳೆದು, "ಅಟ್ಲಾಸ್ ಮತ್ತೆ ಜರುಗಿದೆ," ಅಂದರು.

"ಜರುಗಿದ್ದಕ್ಕೆ ಫಿಟ್ಸ್ ಬಂತಾ, ಫಿಟ್ಸ್ ಬಂದದ್ದಕ್ಕೆ ಜರುಗಿತಾ?"

"ಎರಡೂ ಆಗುತ್ತೆ."

ಆಗ ನನಗೆ ಸ್ಪಷ್ಟವಾಯಿತು. ಫಿಟ್ಸ್ ಬರದಿದ್ದರೆ ಚಿಕಿತ್ಸೆ ಹಿಡಿದಿದೆ. ಅಲ್ಲಿ ಬಂದರೆ ದೇಹ ಹೊರಹಾಕುತ್ತಿದೆ. ಮನೆಯಲ್ಲಿ ಬಂದರೆ ಮೂಳೆ ಜರುಗಿದೆ, ಇನ್ನೂ ಜಾಸ್ತಿ ಚಿಕಿತ್ಸೆ ಬೇಕು. "ನನ್ನ ಫಿಟ್ಸ್‌ಗೂ ಕತ್ತಿಗೂ ಸಂಬಂಧ ಇಲ್ಲ ಅಂತ ನೀವು ಒಪ್ಪಬೇಕಾದರೆ ಏನಾಗಬೇಕು?" ಅಂತ ಕೇಳಿದೆ. ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಿ ತಿಳಿಯಬೇಕಿತ್ತು. ಅವರು ಉತ್ತರ ಕೊಡಲಿಲ್ಲ. ಮುಂದಿನ ತಿಂಗಳುಗಳ ಯೋಜನೆ ಬರೆದ ಹಾಳೆ ಕೊಟ್ಟರು. ಕೊನೆಯ ಸಾಲಿನಲ್ಲಿ ಗುರಿ ಅಂತ ಬರೆದು ಮುಂದೆ "ಮಾತ್ರೆ ಇಲ್ಲದ ಜೀವನ" ಅಂತಿತ್ತು. ನಾನು ಮತ್ತೆ ಹೋಗಲಿಲ್ಲ.

ನನ್ನ ಪ್ರಶ್ನೆಗೆ ಉತ್ತರ ಡೈರಿಯಲ್ಲೇ ಇತ್ತು. ಕತ್ತು ನೋವನ್ನೂ ನಾನು ಬರೆದಿಟ್ಟಿದ್ದೆ. ಅದು ಪ್ರತಿ ಸಲವೂ ದೊಡ್ಡ ಫಿಟ್ಸಿನ ಮಾರನೆಯ ದಿನ ಶುರುವಾಗಿದೆ. ಹಿಂದಿನ ದಿನ ಶುರುವಾದದ್ದು ಒಂದೂ ಇಲ್ಲ. ಮೈಯ ಅಷ್ಟೂ ಸ್ನಾಯುಗಳು ಒಟ್ಟಿಗೆ ಸೆಟೆದರೆ ಕತ್ತು ನೋಯದೆ ಇನ್ನೇನಾದೀತು?

ಡೈರಿ ನೋಡಿ ಮೇಡಂ ಬೇರೆಯದನ್ನೇ ಹಿಡಿದರು. "ಸರಿಯಾದ ಎರಡು ಮಾತ್ರೆ, ಸರಿಯಾದ ಡೋಸ್, ನೀವು ತಪ್ಪಿಸಿಯೂ ಇಲ್ಲ. ಆದ್ರೂ ಬರ್ತಿದೆ," ಅಂದರು. ಸರಿಯಾಗಿ ಆಯ್ದು ಕೊಟ್ಟ ಎರಡು ಔಷಧಕ್ಕೂ ಫಿಟ್ಸ್ ನಿಲ್ಲದಿದ್ದರೆ ಅದನ್ನು ಔಷಧಕ್ಕೆ ಬಗ್ಗದ ಎಪಿಲೆಪ್ಸಿ ಅಂತ ಕರೆಯಬೇಕು, 2010ರಿಂದ ಅಂತರರಾಷ್ಟ್ರೀಯ ಎಪಿಲೆಪ್ಸಿ ಸಂಘದ ವ್ಯಾಖ್ಯೆ ಅದು. ಎಪಿಲೆಪ್ಸಿ ಇರುವವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಈ ಗುಂಪಿನವರು. ಮೂರನೇ ಮಾತ್ರೆ, ನಾಲ್ಕನೇ ಮಾತ್ರೆ ಅಂತ ಹೋದ ಹಾಗೆ ಪೂರ್ತಿ ನಿಲ್ಲುವ ಸಾಧ್ಯತೆ ಇಳಿಯುತ್ತಲೇ ಹೋಗುತ್ತದೆ. ಹಾಗಾಗಿ ಈ ಹಂತದಲ್ಲಿ ಆಪರೇಷನ್ ಸಾಧ್ಯವಾ ಅಂತ ನೋಡಬೇಕಂತೆ.

ನನ್ನ ಎಂಆರ್‌ಐ ಮತ್ತೆ ತೆಗೆಸಿದರು. ಎಡಗಡೆ ಹಿಪೊಕ್ಯಾಂಪಸ್, ಅಂದರೆ ನೆನಪಿಗೆ ಸಂಬಂಧಪಟ್ಟ ಒಂದು ಸಣ್ಣ ಭಾಗ, ಕುಗ್ಗಿ ಗಟ್ಟಿಯಾಗಿದೆ. ಚಿಕ್ಕಂದಿನಲ್ಲಿ ಜ್ವರದಲ್ಲಿ ತುಂಬ ಹೊತ್ತು ಫಿಟ್ಸ್ ಬಂದವರಲ್ಲಿ ಇದು ಕಾಣುವುದುಂಟು. ಇಇಜಿ ತೋರಿಸಿದ ಜಾಗವೂ ಅದೇ. ಹೊಟ್ಟೆಯಿಂದ ಎದ್ದು ಬರುವ ಹಾಗಾಗುವುದು, ತುಟಿ ಚಪ್ಪರಿಸುವುದು, ಎಲ್ಲದಕ್ಕೂ ಅದು ತಾಳೆಯಾಗುತ್ತದೆ. ಕೈರೋಪ್ರಾಕ್ಟರ್ ಗೆರೆ ಎಳೆಯದೇ ಬಿಟ್ಟ ಸಾಲು ಇದೇ.

ಈ ಬಗೆಯ ಎಪಿಲೆಪ್ಸಿಗೆ ಆಪರೇಷನ್ ಮತ್ತು ಮಾತ್ರೆಯನ್ನು ಚೀಟಿ ಎತ್ತಿ ಹೋಲಿಸಿದ ಅಧ್ಯಯನ ಇದೆ. 2001ರಲ್ಲಿ ಪ್ರಕಟವಾದದ್ದು, ಕೆನಡಾದ್ದು. 80 ಜನರಲ್ಲಿ ಅರ್ಧ ಜನರನ್ನು ಆಪರೇಷನ್ ಕಡೆಗೆ ಹಾಕಿದರು. ಒಂದು ವರ್ಷ ಆದ ಮೇಲೆ ನೋಡಿದರೆ, ಎಚ್ಚರ ತಪ್ಪುವಂಥ ಫಿಟ್ಸ್ ನಿಂತಿದ್ದು ಆಪರೇಷನ್ ಗುಂಪಿನಲ್ಲಿ ಶೇ. 58 ಜನರಿಗೆ, ಬರೀ ಮಾತ್ರೆಯ ಗುಂಪಿನಲ್ಲಿ ಶೇ. 8 ಜನರಿಗೆ. ಈ ಅಂಕಿ ಕೇಳಿ ನಮ್ಮಿಬ್ಬರಿಗೂ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಇದನ್ನು ಮುಂಚೆಯೇ ಯಾಕೆ ಯಾರೂ ಹೇಳಲಿಲ್ಲ ಅಂತ ನನಗೆ ಇವತ್ತಿಗೂ ಸಿಟ್ಟಿದೆ. ಆ ಸಿಟ್ಟು ಕೈರೋಪ್ರಾಕ್ಟರ್ ಮೇಲಲ್ಲ.

ಕತ್ತಿಗೆ ಈಗ ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ಮಾಡುತ್ತಿದ್ದೇನೆ. ಗಲ್ಲ ಒಳಗೆಳೆಯುವುದು, ಭುಜ ಹಿಂದಕ್ಕೆ ಸೇರಿಸುವುದು, ಬಿಸಿ ಶಾಖ. ವಿಟಮಿನ್ ಡಿ ನೋಡಿಸಿದೆ. ಕಡಿಮೆಯಿತ್ತು, ಅದಕ್ಕೂ ಮಾತ್ರೆ ಬಂದಿದೆ. ಅಕ್ಕನಿಗೆ ಎಲ್ಲ ಹೇಳಿದೆ. "ಹಂಗಾದ್ರೆ ಆ ವಿಡಿಯೋದವರಿಗೆ ಹೇಗೆ ವಾಸಿಯಾಯ್ತು?" ಅಂತ ಕೇಳಿದಳು. ಅವರ ಇಇಜಿ ನಾವು ನೋಡಿಲ್ಲವಲ್ಲ ಅಂದೆ. ಅವಳಿಗೆ ಇನ್ನೂ ಸಮಾಧಾನವಾಗಿಲ್ಲ.

ವಿಡಿಯೋ ಇಇಜಿಗೆ ಮುಂದಿನ ತಿಂಗಳು ಆಸ್ಪತ್ರೆಗೆ ಸೇರಬೇಕು. ತಲೆಗೆ ತಂತಿ ಅಂಟಿಸಿ, ಕ್ಯಾಮೆರಾ ಇಟ್ಟು, ಹಗಲೂ ರಾತ್ರಿ ದಾಖಲಿಸುತ್ತಾರೆ. ಫಿಟ್ಸ್ ಬರಲಿ ಅಂತ ಅಲ್ಲಿ ಮಾತ್ರೆಯನ್ನು ಅವರೇ ಇಳಿಸುತ್ತಾರೆ. ಪಕ್ಕದಲ್ಲಿ ನರ್ಸ್ ಇರುತ್ತಾರೆ, ಬೇಕಾದರೆ ತಕ್ಷಣ ಔಷಧ ಕೊಡೋಕೆ ನನ್ನ ಕೈಯ ರಕ್ತನಾಳಕ್ಕೆ ಮೊದಲೇ ಸೂಜಿ ಹಾಕಿಟ್ಟಿರುತ್ತಾರೆ. ಆಮೇಲೆ ನೆನಪಿನ ಪರೀಕ್ಷೆ ಇದೆ. ಎಡಗಡೆಯ ಆಪರೇಷನ್ ಆದರೆ ಕೆಲವರಿಗೆ ಹೆಸರು, ಪದ ನೆನಪಿಟ್ಟುಕೊಳ್ಳುವುದು ಕಷ್ಟವಾಗುತ್ತದಂತೆ. ನನ್ನ ನೆನಪು ಈಗ ಎಷ್ಟಿದೆ, ಎಷ್ಟು ಹೋಗಬಹುದು ಅಂತ ಅದರಲ್ಲಿ ಅಂದಾಜು ಮಾಡುತ್ತಾರೆ. ನನಗೆ ಹೆದರಿಕೆ ಇರುವುದು ಅದಕ್ಕೇ. ಮೇಡಂಗೆ ಕೇಳಬೇಕಾದ ಪ್ರಶ್ನೆಗಳನ್ನು ಡೈರಿಯ ಹಿಂದಿನ ಪುಟದಲ್ಲಿ ಬರೆದಿಡುತ್ತಿದ್ದೇನೆ. ಆಪರೇಷನ್ ಬೇಕೋ ಬೇಡವೋ ಅನ್ನುವುದನ್ನು ವರದಿಗಳು ಕೈಗೆ ಬಂದ ಮೇಲೆ ಕೂತು ಮಾತಾಡೋಣ ಅಂದಿದ್ದಾರೆ.